ಬಿಸಿಲಿಗೂ ಗಾಳಿಗೂ ಲೆಕ್ಕವಿಟ್ಟ ಅನ್ನಾ ಮಣಿ



ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಿಗೆ ಸೇರಿದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರ ಎದ್ದು ನಿಂತಿರುವುದು ನಿಮಗೆಲ್ಲ ತಿಳಿದ ವಿಷಯವೇ. 2018ರ ಮಾರ್ಚ್ ತಿಂಗಳಿನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡಿತು. ರೈತರಿಂದ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಆರು ವರ್ಷ ವಿಜ್ಞಾನ ಪಾಠ ಮಾಡಿದವನು. ಏಪ್ರಿಲ್ ತಿಂಗಳಿನ ಅಲ್ಲಿನ ಬಿಸಿಲು ಎಂಥದೆಂಬುದನ್ನು ಬಲ್ಲೆ.

ಈ ಸ್ಥಾವರದ ವಿಚಾರ ಬಂದಾಗಲೆಲ್ಲ ಜನ ಸರ್ಕಾರದ ಹೆಸರು ಹೇಳುತ್ತಾರೆ, ಕಂಪನಿಗಳ ಹೆಸರು ಹೇಳುತ್ತಾರೆ. ಅಲ್ಲಿನ ಬಿಸಿಲು ಇಷ್ಟು ಹಣ ಹೂಡಲು ತಕ್ಕದ್ದು ಎಂದು ತಿಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಮ್ಮೆ ನಾನೇ ಇದನ್ನು ಎತ್ತಿದಾಗ ಹಳೆಯ ವಿದ್ಯಾರ್ಥಿಯೊಬ್ಬ, "ಪಾವಗಡದಲ್ಲಿ ಬಿಸಿಲು ಜಾಸ್ತಿ ಅನ್ನೋದಕ್ಕೂ ಲೆಕ್ಕ ಬೇಕಾ ಮೇಷ್ಟ್ರೇ?" ಎಂದು ನಕ್ಕ. ಬೇಕಪ್ಪಾ, ಖಂಡಿತವಾಗಿ ಬೇಕು. 'ಜಾಸ್ತಿ' ಎಂಬ ಮಾತನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಎಷ್ಟು ಯೂನಿಟ್ ಶಕ್ತಿ ಬೀಳುತ್ತದೆ, ಜುಲೈ ತಿಂಗಳ ಮೋಡದಲ್ಲಿ ಎಷ್ಟು, ಜನವರಿಯ ಇಳಿಬಿಸಿಲಿನಲ್ಲಿ ಎಷ್ಟು, ಹತ್ತು ವರ್ಷದ ಸರಾಸರಿ ಎಷ್ಟು ಎಂಬುದು ಗೊತ್ತಿರಬೇಕು. ನಮ್ಮ ದೇಶದ ಬೇರೆ ಬೇರೆ ಭಾಗಗಳಲ್ಲಿ ಈ ಅಂಕಿ ಸ್ಥೂಲವಾಗಿ 4ರಿಂದ 7 ಯೂನಿಟ್. ಒಂದು ಮೆಗಾವಾಟ್ ಸ್ಥಾವರ ಒಳ್ಳೆಯ ಬಿಸಿಲಿನಲ್ಲಿ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. ನೂರು ಮೆಗಾವಾಟ್ ಸ್ಥಾವರಕ್ಕೆ 16 ಕೋಟಿ ಯೂನಿಟ್. ಬಿಸಿಲಿನ ಅಂದಾಜಿನಲ್ಲಿ ಶೇಕಡ 10ರಷ್ಟು ತಪ್ಪಿದರೆ 1.6 ಕೋಟಿ ಯೂನಿಟ್ ಖೋತಾ. ಯೂನಿಟ್ಟಿಗೆ ಮೂರೇ ರೂಪಾಯಿ ಹಿಡಿದರೂ ಪ್ರತಿ ವರ್ಷ ಸುಮಾರು ಐದು ಕೋಟಿ ರೂಪಾಯಿ! ಇಪ್ಪತ್ತೈದು ವರ್ಷಕ್ಕೆ ಎಷ್ಟಾಯಿತೆಂದು ನೀವೇ ಗುಣಿಸಿಕೊಳ್ಳಿ.

ನಮ್ಮ ದೇಶದಲ್ಲಿ ಈ ಬಿಸಿಲಿನ ಲೆಕ್ಕವನ್ನು, ಅದಾದ ಮೇಲೆ ಗಾಳಿಯ ಲೆಕ್ಕವನ್ನು, ಶ್ರದ್ಧೆಯಿಂದ ಹಾಕಿಕೊಟ್ಟವರು ಶ್ರೀಮತಿಯೂ ಅಲ್ಲದ, ಡಾಕ್ಟರೂ ಅಲ್ಲದ ಒಬ್ಬ ಮಹಿಳೆ: ಅನ್ನಾ ಮಣಿ. ಕನ್ನಡದ ಕಿವಿಗೆ 'ಅಣ್ಣ' ಎಂದು ಕೇಳಿ ಗಂಡಸೆಂದು ಭಾವಿಸೀರಿ, ಜೋಕೆ. ಅವರ ಬದುಕಿನ ಎರಡು ಮುಖ್ಯ ಘಟ್ಟಗಳು ನಡೆದದ್ದು ಬೆಂಗಳೂರಿನಲ್ಲಿ. ಹಾಗಿದ್ದೂ ನಮ್ಮವರಲ್ಲಿ ಅವರ ಪರಿಚಯ ಕಡಮೆ ಎಂಬ ಕಾರಣಕ್ಕೆ ಈ ಬರಹ.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆ ಸಿವಿಲ್ ಎಂಜಿನಿಯರು, ಏಲಕ್ಕಿ ತೋಟಗಳ ಒಡೆಯರು. ಸಿರಿಯನ್ ಕ್ರೈಸ್ತ ಮನೆತನ. ಅಂಥ ಉಳ್ಳವರ ಮನೆಗಳಲ್ಲಿ ಗಂಡುಮಕ್ಕಳನ್ನು ಉದ್ಯೋಗಕ್ಕೆಂದೂ ಹೆಣ್ಣುಮಕ್ಕಳನ್ನು ಮದುವೆಗೆಂದೂ ಬೆಳೆಸುತ್ತಿದ್ದ ಕಾಲವದು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ರೂಢಿಯಂತೆ ವಜ್ರದ ಓಲೆ ಕೊಡಲು ಬಂದರೆ ಈ ಹುಡುಗಿ ಅದು ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿ ಪಡೆದಳಂತೆ. 1925ರಲ್ಲಿ ವೈಕಂ ಸತ್ಯಾಗ್ರಹದ ಸಂದರ್ಭದಲ್ಲಿ ಗಾಂಧೀಜಿ ಆ ಸೀಮೆಗೆ ಬಂದರು. ಆ ಪ್ರಭಾವ ಎಳೆಯ ಮನಸ್ಸಿನ ಮೇಲೆ ಹೇಗೆ ಬಿತ್ತೆಂದರೆ, ಮುಂದೆ ಜೀವನಪರ್ಯಂತ ಖಾದಿಯನ್ನೇ ಉಟ್ಟರು.

ಮದರಾಸಿನಲ್ಲಿ ಓದಿ 1939ರಲ್ಲಿ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದರು. 1940ರಲ್ಲಿ ವಿದ್ಯಾರ್ಥಿವೇತನ ದೊರೆತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹಿಂದಿನ ತಲೆಮಾರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಸಂಸ್ಥೆ ಅದೇ. ಅಲ್ಲಿ ಸೇರಿದ್ದು ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯಕ್ಕೆ. ಆ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅದಕ್ಕೆ ಏಳು ವರ್ಷ ಮುಂಚೆ, 1933ರಲ್ಲಿ, ಕಮಲಾ ಸೊಹೊನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿ, ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆಂದು ಸೇರಿಸಿಕೊಂಡಿದ್ದರು. ರಾಮನ್ ಅವರ ವಿಜ್ಞಾನಕ್ಕೆ ಕೈಮುಗಿಯುವವನು ನಾನು. ಆದರೆ ಈ ಸಂಗತಿಯನ್ನು ತರಗತಿಯಲ್ಲಿ ಮುಚ್ಚಿಟ್ಟು ಪಾಠ ಮಾಡಬೇಕೆಂದು ನನಗೆ ಎಂದೂ ಅನ್ನಿಸಲಿಲ್ಲ.

ರಾಮನ್ ಅವರಿಗೆ ಆಗ ವಜ್ರಗಳ ಗುಂಗು. ಬೆಳಕು ಬಿದ್ದಾಗ ವಜ್ರ ಹೇಗೆ ಹೊಳೆಯುತ್ತದೆ, ಯಾವ ಬಣ್ಣವನ್ನು ಹೀರುತ್ತದೆ ಎಂಬುದರ ಅಧ್ಯಯನವನ್ನು ಅನ್ನಾ ಮಣಿಯವರಿಗೆ ವಹಿಸಿದರು. ಎಂಟನೆಯ ವಯಸ್ಸಿನಲ್ಲಿ ವಜ್ರದ ಓಲೆ ಒಲ್ಲೆನೆಂದ ಹುಡುಗಿಯ ಮುಂದೆ ಈಗ ಮೂವತ್ತಕ್ಕೂ ಹೆಚ್ಚು ವಜ್ರಗಳು! ಅವುಗಳನ್ನು ದ್ರವರೂಪದ ಗಾಳಿಯ ತಣ್ಪಿನಲ್ಲಿರಿಸಿ, ಬಂದ ಮಂದವಾದ ಬೆಳಕನ್ನು ಛಾಯಾಚಿತ್ರದ ಫಲಕದ ಮೇಲೆ ಮೂಡಿಸಬೇಕು. ಒಂದು ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಉಣಿಸಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಆಕೆ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. 1942ರಿಂದ 1945ರ ಒಳಗೆ ತಮ್ಮ ಒಬ್ಬರ ಹೆಸರಿನಲ್ಲೇ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಮುಂದೆ ಮಾಪನದ ವಿಚಾರದಲ್ಲಿ ಅವರು ತೋರಿದ ತಾಳ್ಮೆ ಈ ರಾತ್ರಿಗಳಲ್ಲಿ ಬಂದದ್ದಿರಬೇಕು ಎಂದು ನನ್ನ ಊಹೆ.

1945ರ ಆಗಸ್ಟ್‌ನಲ್ಲಿ ಪಿಎಚ್.ಡಿ. ಪದವಿಗಾಗಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸಕ್ಕೆ ಆಗ ಪದವಿ ಕೊಡುತ್ತಿದ್ದುದು ಆ ವಿಶ್ವವಿದ್ಯಾಲಯ. ಎಂ.ಎಸ್‌ಸಿ. ಪದವಿ ಇಲ್ಲದವರಿಗೆ ಪಿಎಚ್.ಡಿ. ಇಲ್ಲವೆಂದು ತಿರಸ್ಕರಿಸಿದರು. ಆನರ್ಸ್ ಪದವೀಧರೆ, ಐದು ವರ್ಷ ಸಂಶೋಧನೆ ಮಾಡಿದವರು, ಸಂಶೋಧನೆಗೆಂದೇ ವಿದ್ಯಾರ್ಥಿವೇತನ ಗೆದ್ದು ಬಂದವರು. ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ನಿಯಮ ನಿಯಮವೇ ಎನ್ನುವವರಿದ್ದಾರೆ. ಮಾಡಿದ ಕೆಲಸವನ್ನು ತೆರೆದು ನೋಡುವ ಮೊದಲೇ ಬಾಗಿಲು ಹಾಕುವ ನಿಯಮವನ್ನು ನಾನು ನಿಯಮವೆಂದು ಒಪ್ಪಲಾರೆ. ಪರೀಕ್ಷೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಾಗಿ ಇಷ್ಟು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಅಷ್ಟರಲ್ಲಿ ಇಂಗ್ಲೆಂಡಿಗೆ ಹೋಗಲು ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕಿತು. ಮಹಾಯುದ್ಧ ಮುಗಿದ ವರ್ಷ. ಪ್ರಯಾಣ ಮಾಡಿದ್ದು ಸೈನಿಕರ ಹಡಗಿನಲ್ಲಿ. ಮನಸ್ಸಿನಲ್ಲಿದ್ದುದು ಭೌತವಿಜ್ಞಾನದ ಸಂಶೋಧನೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು, ದೊರೆತ ಅವಕಾಶ ಹವಾಮಾನದ ಉಪಕರಣಗಳಿಗೆ ಸಂಬಂಧಿಸಿದ್ದು ಎಂದು. ಬೇರೆಯವರಾಗಿದ್ದರೆ ಮುಖ ಸಪ್ಪೆ ಮಾಡಿಕೊಂಡು ಹಿಂದಿರುಗುತ್ತಿದ್ದರೇನೋ. ಆಕೆ ಮಳೆಮಾಪಕ, ವಾಯುಭಾರಮಾಪಕ, ಗಾಳಿಯ ವೇಗಮಾಪಕಗಳನ್ನು ಹೇಗೆ ತಯಾರಿಸುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ, ಒಂದರೊಡನೆ ಒಂದನ್ನು ಹೇಗೆ ತಾಳೆ ನೋಡುತ್ತಾರೆ ಎಂಬುದನ್ನು ಕಲಿತರು. 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿದ್ದ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು.

ಆ ಇಲಾಖೆ ಹುಟ್ಟಿದ್ದು 1875ರಲ್ಲಿ. ಎಪ್ಪತ್ತು ವರ್ಷ ಕಳೆದಿದ್ದರೂ ಥರ್ಮಾಮೀಟರಿನಂಥ ಸರಳ ಸಾಧನವೂ ವಿದೇಶದಿಂದ ಬರುತ್ತಿತ್ತು. ಎಸ್. ಪಿ. ವೆಂಕಟೇಶ್ವರನ್ ಎಂಬ ದಕ್ಷ ಅಧಿಕಾರಿ ಇಲ್ಲಿಯೇ ತಯಾರಿಸುವ ಕಾರ್ಯಾಗಾರವನ್ನು ಕಟ್ಟತೊಡಗಿದ್ದರು. ಅನ್ನಾ ಮಣಿ ಅವರ ಜೊತೆಗೂಡಿದರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಕರಾರುವಾಕ್ಕಾಗಿ ಸಿದ್ಧಪಡಿಸಿ, ತಯಾರಿಕೆಗೆ ತೊಡಗಿಸಿದರು. 1953ರಲ್ಲಿ ವಿಭಾಗದ ಹೊಣೆ ಅವರದಾಯಿತು. ಕೈಕೆಳಗೆ 121 ಜನ ಗಂಡಸರು. ಆ ಕಾಲದ ಕಾರ್ಯಾಗಾರ, ಅದರಲ್ಲಿ ಖಾದಿ ಸೀರೆಯುಟ್ಟ ಮೂವತ್ತೈದರ ಹೆಣ್ಣುಮಗಳು ಲೇತ್ ಯಂತ್ರದ ಪಕ್ಕದಲ್ಲಿ ನಿಂತು ಅಳತೆ ಸರಿಯಿಲ್ಲ ಎಂದು ಹೇಳುವುದನ್ನು ಕಲ್ಪಿಸಿಕೊಳ್ಳಿ.

ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ಗಟ್ಟಿಯಾದ ನಿಲುವಾಗಿತ್ತು. ಇದು ಮೇಲುನೋಟಕ್ಕೆ ಅತಿ ಎನ್ನಿಸಬಹುದು. ನಾನು ಕೆಲಸ ಮಾಡಿದ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಎರಡು ಥರ್ಮಾಮೀಟರುಗಳಿದ್ದವು. ಒಂದೇ ಬೀಕರಿನ ನೀರಿಗೆ ಎರಡನ್ನೂ ಇಳಿಬಿಟ್ಟರೆ ಒಂದು 31 ಡಿಗ್ರಿ, ಇನ್ನೊಂದು 33 ಡಿಗ್ರಿ ತೋರಿಸುತ್ತಿತ್ತು. "ಯಾವುದು ಸರಿ ಸಾರ್?" ಎಂದು ಮಕ್ಕಳು ಕೇಳಿದರೆ ಉತ್ತರಿಸಲು ಮೂರನೆಯದೊಂದು, ನಂಬಿಕೆಗೆ ಅರ್ಹವಾದದ್ದು, ಬೇಕು. ಅದಿಲ್ಲದಿದ್ದರೆ ಎರಡರ ಓದೂ ವ್ಯರ್ಥ. ಕೆಟ್ಟ ಉಪಕರಣ ಸುಮ್ಮನಿರುವುದಿಲ್ಲ. ಅಂಕಿ ಕೊಡುತ್ತಲೇ ಇರುತ್ತದೆ. ಆ ಅಂಕಿ ದಫ್ತರಕ್ಕೆ ಸೇರುತ್ತದೆ, ಸರಾಸರಿಗೆ ಸೇರುತ್ತದೆ, ಆಮೇಲೆ ಅದು ತಪ್ಪೆಂದು ಗುರುತಿಸುವ ದಾರಿಯೇ ಇರುವುದಿಲ್ಲ.

ಇನ್ನು ಬಿಸಿಲಿನ ವಿಚಾರ. 1957-58ನ್ನು ಅಂತಾರಾಷ್ಟ್ರೀಯ ಭೂಭೌತ ವರ್ಷವೆಂದು ಜಗತ್ತಿನ ವಿಜ್ಞಾನಿಗಳು ಆಚರಿಸಿದರು. ಆ ಸಂದರ್ಭದಲ್ಲಿ ಅನ್ನಾ ಮಣಿಯವರು ಭಾರತದಲ್ಲಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಒಂದು ಜಾಲವನ್ನು ಸ್ಥಾಪಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಹೊತ್ತಿಗೆ ಸೂರ್ಯನಿಂದ ವಿದ್ಯುತ್ ತಯಾರಿಸುವ ಯೋಚನೆ ನಮ್ಮ ಸರ್ಕಾರದ ಮುಂದೆ ಇರಲಿಲ್ಲ. ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ್ದೇ 1954ರಲ್ಲಿ. ಅದು ಆಗ ಕೃತಕ ಉಪಗ್ರಹಕ್ಕೆ ಆಗುವಷ್ಟು ದುಬಾರಿ ವಸ್ತು. ಅಳೆದದ್ದು ಹವೆಯನ್ನು ಅರಿಯಲೆಂದು. ಮುಂಗಾರು ಏಳುವುದೂ ನೆಲ ಕಾಯುವುದೂ ಕೆರೆಯ ನೀರು ಆರುವುದೂ ಸೂರ್ಯನ ಶಾಖದಿಂದಲೇ ತಾನೆ? ಆ ಶಾಖವನ್ನು ಅಳೆಯದೆ ಉಷ್ಣವಲಯದ ಹವಾಮಾನ ಅರ್ಥವಾಗದು ಎಂಬುದು ಅವರ ಎಣಿಕೆ. ವಿದ್ಯುತ್ತಿನ ಕಾಲ ಬಂದಾಗ ಅಂಕಿಗಳು ಸಿದ್ಧವಾಗಿದ್ದವು.

ಅಳೆಯುವುದು ಹೇಗೆ? ಹಳೆಯ ಸಾಧನ ನಿಮ್ಮಲ್ಲಿ ಕೆಲವರು ನೋಡಿರಬಹುದು: ಒಂದು ಗಾಜಿನ ಗುಂಡು, ಅದರ ಹಿಂದೆ ಬಾಗಿದ ಕಾರ್ಡು. ಗುಂಡು ಮಸೂರದಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಕಾರ್ಡನ್ನು ಸುಡುತ್ತದೆ. ಸೂರ್ಯ ಸರಿದಂತೆ ಸುಟ್ಟ ಗೆರೆಯೂ ಸರಿಯುತ್ತದೆ; ಮೋಡ ಬಂದರೆ ಗೆರೆ ನಿಲ್ಲುತ್ತದೆ. ಸಂಜೆ ಗೆರೆಯ ಉದ್ದ ನೋಡಿದರೆ ಎಷ್ಟು ಗಂಟೆ ಬಿಸಿಲಿತ್ತೆಂದು ತಿಳಿಯುತ್ತದೆ. ಚೆಲುವಾದ ಸಾಧನ. ಆದರೆ ಎಷ್ಟು ಹೊತ್ತು ಎಂದು ಹೇಳುತ್ತದೆಯೇ ಹೊರತು ಎಷ್ಟು ಶಕ್ತಿ ಎಂದು ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಪೈರಾನೋಮೀಟರ್. ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ಬಿಲ್ಲೆ. ಬಿಸಿಲು ಬಿದ್ದಾಗ ಬಿಲ್ಲೆ ಕಾಯುತ್ತದೆ. ಅದಕ್ಕೂ ಅಡಿಯ ತಂಪಾದ ಭಾಗಕ್ಕೂ ಇರುವ ಉಷ್ಣತೆಯ ಅಂತರದಿಂದ ಥರ್ಮೋಪೈಲಿನಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಅದನ್ನು ದಾಖಲಿಸಬೇಕು. ಗುಮ್ಮಟದ ಮೇಲೆ ಧೂಳು ಕೂತರೆ ಕಡಮೆ ತೋರಿಸುತ್ತದೆ. ಕಪ್ಪು ಬಣ್ಣ ಮಾಸಿದರೆ ಕಡಮೆ ತೋರಿಸುತ್ತದೆ. ಕಾಲಕಾಲಕ್ಕೆ ಉತ್ತಮ ಮಾಪಕದೊಡನೆ ತಾಳೆ ನೋಡದಿದ್ದರೆ, ವರ್ಷದಿಂದ ವರ್ಷಕ್ಕೆ ಸೂರ್ಯನೇ ಮಂಕಾಗುತ್ತಿದ್ದಾನೆಂದು ಭ್ರಮೆ ಹುಟ್ಟೀತು.

ಮೊದಲು ಇಂಥ ಉಪಕರಣಗಳನ್ನು ಹೊರಗಿನಿಂದ ತರಿಸಿದರು. ಅಷ್ಟಕ್ಕೆ ಸುಮ್ಮನಾಗದೆ, ವಿಕಿರಣ ಮಾಪನದ ಸಾಧನಗಳನ್ನು ಇಲ್ಲಿಯೇ ವಿನ್ಯಾಸಮಾಡಿ ತಯಾರಿಸಲು ಅನ್ನಾ ಮಣಿ ತೊಡಗಿದರು. ನೇರ ಬಿಸಿಲು ಬೇರೆ, ಆಕಾಶದಿಂದ ಚದುರಿ ಬರುವ ಬೆಳಕು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು. ನಮ್ಮ ಮಳೆಗಾಲದಲ್ಲಿ ಚದುರಿದ ಬೆಳಕಿನ ಪಾಲೇ ದೊಡ್ಡದು. ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸುವ ಯಂತ್ರಕ್ಕೆ ಅದು ನಿರುಪಯೋಗಿ, ಚಾವಣಿಯ ಮೇಲಿನ ಫಲಕಕ್ಕೆ ಉಪಯೋಗಿ. ಈ ಎರಡು ಅಂಕಿಗಳನ್ನು ಅಂದು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದಲೇ ಮುಂದೆ ಯಾವ ಊರಿಗೆ ಯಾವ ಯಂತ್ರ ಸರಿ ಎಂದು ಹೇಳಲು ಸಾಧ್ಯವಾಯಿತು.

ಅದೇ ವರ್ಷಗಳಲ್ಲಿ ಓಜೋನ್ ಅನಿಲವನ್ನು ಅಳೆಯಲು ಬಲೂನಿನಲ್ಲಿ ಕಳಿಸುವ ಉಪಕರಣವನ್ನೂ ಅವರು ರೂಪಿಸಿದರು. 1963ರಲ್ಲಿ ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸಜ್ಜುಗೊಳಿಸಿದರು. ಅದೆಲ್ಲ ಬೇರೆಯೇ ಕಥೆ. 1969ರಲ್ಲಿ ದೆಹಲಿಗೆ ವರ್ಗವಾಗಿ, 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ನಮ್ಮಂಥವರು ನಿವೃತ್ತಿಯಾದ ಮೇಲೆ ತೋಟ ಮಾಡುತ್ತೇವೆ, ಮೊಮ್ಮಕ್ಕಳನ್ನು ಆಡಿಸುತ್ತೇವೆ, ಹೀಗೆ ಏನಾದರೂ ಬರೆಯುತ್ತೇವೆ. ಅನ್ನಾ ಮಣಿಯವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿ ಕುಳಿತು, ತಾವು ಕಟ್ಟಿದ ಜಾಲದಿಂದ ಬಂದ ಅಂಕಿ ಅಂಶಗಳನ್ನು ಸೋಸಿ ಪುಸ್ತಕಕ್ಕೆ ಇಳಿಸಿದರು. ಗುರುಗಳಾದ ರಾಮನ್ 1970ರಲ್ಲೇ ತೀರಿಕೊಂಡಿದ್ದರು. ಭಾರತದ ಸೌರ ವಿಕಿರಣದ ಮಾಹಿತಿಯನ್ನು ಒಳಗೊಂಡ ಕೈಪಿಡಿ 1980ರಲ್ಲಿ ಪ್ರಕಟವಾಯಿತು. ಅದರ ಬೆನ್ನಿಗೇ ಎಸ್. ರಂಗರಾಜನ್ ಅವರೊಡನೆ ಬರೆದ ಇನ್ನೊಂದು ಗ್ರಂಥ ಬಂತು. ಪೈರಾನೋಮೀಟರ್ ಇದ್ದ ಊರುಗಳು ಕೆಲವೇ. ಬಿಸಿಲಿನ ಗಂಟೆಗಳನ್ನು ಬರೆದಿಟ್ಟ ಊರುಗಳು ಹೆಚ್ಚು. ಎರಡೂ ಇರುವ ಊರುಗಳಲ್ಲಿ ಅವುಗಳ ನಡುವಿನ ಸಂಬಂಧವನ್ನು ಕಂಡುಕೊಂಡು, ಗಂಟೆಗಳ ಲೆಕ್ಕವಷ್ಟೇ ಇರುವ ಊರುಗಳಿಗೂ ಶಕ್ತಿಯ ಅಂದಾಜನ್ನು ಕಟ್ಟಿಕೊಟ್ಟರು. ಹೀಗೆ ಆ ಗಾಜಿನ ಗುಂಡೂ ಕೆಲಸಕ್ಕೆ ಬಂತು.

ಕಾಲವೂ ಕೂಡಿಬಂದಿತ್ತು. 1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾತೈಲದ ಬೆಲೆ ಒಮ್ಮೆಲೇ ಏರಿ, ತೈಲವಿಲ್ಲದ ದೇಶಗಳೆಲ್ಲ ಕಂಗಾಲಾದವು. 1981ರಲ್ಲಿ ಹೆಚ್ಚುವರಿ ಇಂಧನ ಮೂಲಗಳಿಗಾಗಿ ಕೇಂದ್ರ ಸರ್ಕಾರ ಒಂದು ಆಯೋಗವನ್ನೂ, 1982ರಲ್ಲಿ ಅಸಾಂಪ್ರದಾಯಿಕ ಇಂಧನ ಇಲಾಖೆಯನ್ನೂ ಸ್ಥಾಪಿಸಿತು. ಪೆಟ್ಟಿಗೆಯಂಥ ಸೋಲಾರ್ ಕುಕ್ಕರುಗಳನ್ನು ರಿಯಾಯಿತಿ ದರದಲ್ಲಿ ಹಂಚಿದ್ದು ಆ ದಶಕದಲ್ಲಿಯೇ. ನಮ್ಮ ಮನೆಯಲ್ಲೂ ಒಂದಿತ್ತು. ಬೆಳಗ್ಗೆ ಒಂಬತ್ತಕ್ಕೆ ತೊಗರಿಬೇಳೆಯನ್ನೂ ಅಕ್ಕಿಯನ್ನೂ ಇಟ್ಟು ಶಾಲೆಗೆ ಹೋದರೆ ಮಧ್ಯಾಹ್ನಕ್ಕೆ ಬೆಂದಿರುತ್ತಿತ್ತು. ಮುಚ್ಚಳದ ಕನ್ನಡಿಯನ್ನು ಆಗಾಗ ಸೂರ್ಯನ ಕಡೆಗೆ ತಿರುಗಿಸುವ ಕೆಲಸ ಮಾತ್ರ ನನ್ನ ತಾಯಿಯವರ ಪಾಲಿಗೆ ಬರುತ್ತಿತ್ತು. ಅಂಥ ಕುಕ್ಕರಾಗಲಿ, ಬೆಂಗಳೂರಿನ ಮನೆಗಳ ಚಾವಣಿಯ ಮೇಲಿನ ನೀರು ಕಾಯಿಸುವ ಯಂತ್ರವಾಗಲಿ, ಎಷ್ಟು ದೊಡ್ಡದಿರಬೇಕೆಂದು ಎಂಜಿನಿಯರುಗಳು ಲೆಕ್ಕ ಹಾಕಲು ಕೈಗೆತ್ತಿಕೊಂಡದ್ದು ಈ ಕೈಪಿಡಿಯಂಥ ಅಂಕಿಗಳನ್ನೇ.

ಬಿಸಿಲಿಗಿಂತ ಗಾಳಿಯ ಲೆಕ್ಕ ಕಠಿಣ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಗೆ 125 ಎಂದರೆ 6 ಮೀಟರ್ ವೇಗದ ಗಾಳಿಗೆ 216. ವೇಗ ಐದರಿಂದ ಆರಕ್ಕೆ ಏರಿದರೆ ಶಕ್ತಿ ಮುಕ್ಕಾಲು ಪಾಲು ಹೆಚ್ಚುತ್ತದೆ! ವೇಗವನ್ನು ಶೇಕಡ 10ರಷ್ಟು ತಪ್ಪಾಗಿ ಅಳೆದರೆ ಶಕ್ತಿಯ ಲೆಕ್ಕ ಶೇಕಡ 33ರಷ್ಟು ತಪ್ಪುತ್ತದೆ. ತಪ್ಪು ಅಳತೆಯ ಬಗ್ಗೆ ಅವರ ನಿಲುವು ಅತಿ ಅಲ್ಲವೆಂಬುದು ಇಲ್ಲಿ ಮನವರಿಕೆಯಾಗುತ್ತದೆ.

1983ರಲ್ಲಿ ಡಿ. ಎ. ಮೂಲೆಯವರೊಡನೆ ಸೇರಿ ಭಾರತದ ಪವನಶಕ್ತಿಯ ಮಾಹಿತಿಗ್ರಂಥವನ್ನು ಅನ್ನಾ ಮಣಿ ಹೊರತಂದರು. ಅದಕ್ಕೆ ಆಧಾರ ಹವಾಮಾನ ಇಲಾಖೆಯ ವೀಕ್ಷಣಾಲಯಗಳ ಹಳೆಯ ದಾಖಲೆ. ಆ ವೀಕ್ಷಣಾಲಯಗಳು ಬಹುಮಟ್ಟಿಗೆ ಊರೊಳಗೆ ಇದ್ದಂಥವು. ಮಾಪಕಗಳು ಹತ್ತು ಮೀಟರಿನಷ್ಟು ಎತ್ತರದಲ್ಲಿ. ಸುತ್ತ ಮರ, ಕಟ್ಟಡ. ಗಾಳಿ ಬೀಸುವುದು ಬೆಟ್ಟದ ನೆತ್ತಿಯಲ್ಲಿ, ಘಟ್ಟದ ಕಣಿವೆಯ ಬಾಯಲ್ಲಿ, ಕಡಲ ಕರೆಯಲ್ಲಿ. ಅಲ್ಲಿಗೇ ಹೋಗಿ ಅಳೆಯಬೇಕಾಯಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಒಂದು ಘಟಕವನ್ನು ಬೆಂಗಳೂರಿನಲ್ಲಿ ತೆರೆದು, ಅದರ ನೇತೃತ್ವವನ್ನು ಅವರೇ ವಹಿಸಿಕೊಂಡರು. ಆಗ ಅವರಿಗೆ ಅರವತ್ತೈದು ದಾಟಿತ್ತು. ದೇಶದ ಉದ್ದಗಲಕ್ಕೂ ಏಳುನೂರಕ್ಕೂ ಹೆಚ್ಚು ಸ್ಥಳಗಳ ಗಾಳಿಯನ್ನು ಅಳೆಸಿದರು. ಕಂಬ ನೆಟ್ಟು, ತುದಿಗೆ ಬಟ್ಟಲುಗಳ ಮಾಪಕ ಕಟ್ಟಿ, ಮಳೆ ಸಿಡಿಲಿಗೆ ಕೆಡದಂತೆ ನೋಡಿಕೊಂಡು, ತಿಂಗಳು ತಿಂಗಳು ಅಂಕಿ ತರಿಸಿಕೊಳ್ಳುವುದೆಂದರೆ ಕುರ್ಚಿಯ ಕೆಲಸವಲ್ಲ. ಆ ಸಮೀಕ್ಷೆಯ ಫಲ 1990ರ ದಶಕದಲ್ಲಿ ಸಂಪುಟಗಳಾಗಿ ಹೊರಬಿತ್ತು. ಇಷ್ಟು ಸಾಲದೆಂಬಂತೆ, ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳ ತಯಾರಿಕೆಗೆಂದು ಬೆಂಗಳೂರಿನಲ್ಲಿ ಒಂದು ಪುಟ್ಟ ಕಾರ್ಖಾನೆಯನ್ನೂ ನಡೆಸಿದರು.

1986ರಲ್ಲಿ ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಾಗಿರಿ, ತಮಿಳುನಾಡಿನ ತೂತ್ತುಕುಡಿಗಳಲ್ಲಿ ಮೊದಲ ಪ್ರಾಯೋಗಿಕ ಗಾಳಿ ವಿದ್ಯುತ್ ಕೇಂದ್ರಗಳು ತಲೆಯೆತ್ತಿದವು. ಮುಂದೆ ತಮಿಳುನಾಡಿನ ಮುಪ್ಪಂದಲ್ ಕಣಿವೆ, ನಮ್ಮ ಚಿತ್ರದುರ್ಗ ಮತ್ತು ಗದಗದ ಬೆಟ್ಟಸಾಲುಗಳು ಗಾಳಿಯಂತ್ರಗಳಿಂದ ತುಂಬಿದವು. ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ನೆತ್ತಿಯ ಮೇಲೆ ತಿರುಗುವ ಆ ಬಿಳಿಯ ರೆಕ್ಕೆಗಳನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಎಲ್ಲ ಗುಡ್ಡಗಳ ಮೇಲೂ ಏಕೆ ಇಲ್ಲ ಎಂದು ಯೋಚಿಸಿದ್ದೀರಾ? ಪಕ್ಕಪಕ್ಕದ ಎರಡು ಗುಡ್ಡಗಳಲ್ಲಿ ಒಂದಕ್ಕೆ ಗಾಳಿ ಚೆನ್ನಾಗಿ ಬರುತ್ತದೆ, ಇನ್ನೊಂದು ಅದರ ಮರೆಯಲ್ಲಿರುತ್ತದೆ. ಕಂಬ ನೆಟ್ಟು ಅಳೆದವರಿಗೆ ಮಾತ್ರ ಅದು ಗೊತ್ತು. ಇನ್ನೊಂದು ಸ್ವಾರಸ್ಯ: ನಮ್ಮ ನಾಡಿನಲ್ಲಿ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಮುಸುಕಿ ಬಿಸಿಲು ಸೊರಗುವ ತಿಂಗಳುಗಳಲ್ಲಿ. ಒಂದು ಕೈಕೊಟ್ಟಾಗ ಇನ್ನೊಂದು ನೆರವಿಗೆ ಬರುತ್ತದೆ. ಎರಡನ್ನೂ ತಿಂಗಳುವಾರು ಅಳೆದ ಕಾರಣದಿಂದ ಈ ಹೊಂದಾಣಿಕೆಯನ್ನು ಅಂಕಿಗಳಲ್ಲಿ ತೋರಿಸಬಹುದಾಗಿದೆ.

ಈಗ ಉಪಗ್ರಹಗಳು ಮೇಲಿನಿಂದಲೇ ಬಿಸಿಲನ್ನು ಅಂದಾಜು ಮಾಡುತ್ತವೆ, ನೆಲದ ಮೇಲಿನ ಮಾಪಕ ಇನ್ನೇಕೆ ಎಂದು ಕೇಳುವವರಿದ್ದಾರೆ. ಉಪಗ್ರಹದ ಅಂದಾಜು ಸರಿಯೇ ಎಂದು ತಾಳೆ ನೋಡಲು ನೆಲದ ಮಾಪಕವೇ ಬೇಕು. ಆ ಕಾರಣದಿಂದಲೇ ಚೆನ್ನೈಯ ಪವನಶಕ್ತಿ ಸಂಸ್ಥೆಯವರು 2011ರಲ್ಲಿ ದೇಶದಾದ್ಯಂತ 51 ಹೊಸ ಸೌರ ವಿಕಿರಣ ಮಾಪನ ಕೇಂದ್ರಗಳನ್ನು ಸ್ಥಾಪಿಸಿದರು. ನನ್ನ ಎರಡು ಥರ್ಮಾಮೀಟರುಗಳ ಕಥೆಯೇ ಇದು.

ಅನ್ನಾ ಮಣಿಯವರ ಬಗ್ಗೆ ಇತ್ತೀಚೆಗೆ ಬರೆಯುವವರು ಹೆಚ್ಚಾಗಿ ಪಿಎಚ್.ಡಿ. ಸಿಗದ ಪ್ರಸಂಗವನ್ನೇ ಎತ್ತಿ ಹಿಡಿಯುತ್ತಾರೆ. ಅದು ಅನ್ಯಾಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರನ್ನು ವಂಚಿತೆಯೆಂದು ಮಾತ್ರ ನೆನೆದರೆ ಎರಡನೆಯ ಅನ್ಯಾಯವಾಗುತ್ತದೆ. ಪದವಿ ಇಲ್ಲದ್ದರಿಂದ ತಮ್ಮ ಬದುಕಿಗೆ ಯಾವ ಕೊರತೆಯೂ ಆಗಲಿಲ್ಲವೆಂದು ಅವರೇ ಮುಪ್ಪಿನಲ್ಲಿ ಹೇಳಿದ್ದರು. ಹೆಣ್ಣೆಂಬ ಕಾರಣಕ್ಕೆ ತಮ್ಮನ್ನು ವಿಶೇಷವಾಗಿ ಕಾಣುವುದನ್ನೂ ಒಪ್ಪುತ್ತಿರಲಿಲ್ಲ. ಹಾಗೆಂದು ತಾರತಮ್ಯವನ್ನು ಅವರು ಕಂಡಿರಲಿಲ್ಲವೆಂದಲ್ಲ. ಉಪಕರಣವನ್ನು ಹಿಡಿಯುವಾಗ ಹೆಣ್ಣುಮಕ್ಕಳಿಂದ ಕಿಂಚಿತ್ ತಪ್ಪಾದರೂ ಅದನ್ನು ಹೆಣ್ಣಿನ ಅಸಮರ್ಥತೆಗೆ ಆರೋಪಿಸುತ್ತಿದ್ದ ದಿನಗಳನ್ನು ಅವರು ನೆನೆಯುತ್ತಿದ್ದರು. ಕಂಡೂ ಅದಕ್ಕೆ ತಮ್ಮ ಹೊತ್ತನ್ನು ಕೊಡಲಿಲ್ಲ. ಇದು ಸರಿಯಾದ ಧೋರಣೆಯೇ ಎಂಬ ಬಗ್ಗೆ ನಮ್ಮ ಮನೆಯಲ್ಲಿ ನನಗೂ ನನ್ನ ಸೊಸೆಗೂ ಚರ್ಚೆ ನಡೆದೇ ಇದೆ. ಎಲ್ಲ ಹೆಣ್ಣುಮಕ್ಕಳಿಗೂ ಏಲಕ್ಕಿ ತೋಟದ ಮನೆ ಇರುವುದಿಲ್ಲ ಮಾವ, ಅಂಥವರು ಕಹಿಯನ್ನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ ಎಂಬುದು ಅವಳ ವಾದ. ಅದರಲ್ಲಿ ನ್ಯಾಯವಿದೆ.

ಗೌರವಗಳು ಬರಲಿಲ್ಲವೆಂದೇನಲ್ಲ. 1987ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಕೆ. ಆರ್. ರಾಮನಾಥನ್ ಪದಕವನ್ನು ನೀಡಿತು. ಮದುವೆಯಾಗಲಿಲ್ಲ. ಕಾಡು ಬೆಟ್ಟಗಳ ತಿರುಗಾಟ, ಹಕ್ಕಿಗಳ ವೀಕ್ಷಣೆ ಅವರಿಗೆ ಪ್ರಿಯವಾಗಿದ್ದವು. 1994ರಲ್ಲಿ ಪಾರ್ಶ್ವವಾಯು ಬಡಿದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು, ಎಂಬತ್ತಮೂರು ತುಂಬಲು ಒಂದು ವಾರವಿರುವಾಗ, ತಿರುವನಂತಪುರದಲ್ಲಿ ನಿಧನರಾದರು. ಆಗ ಪಾವಗಡದ ಸ್ಥಾವರ ಯಾರ ಕನಸಿನಲ್ಲಿಯೂ ಇರಲಿಲ್ಲ. ತಿರುಮಣಿಯ ಹೊಲಗಳಲ್ಲಿ ಶೇಂಗಾ ಬಿತ್ತಿ ಮಳೆಗೆ ಕಾಯುತ್ತಿದ್ದರು.

1945ರಲ್ಲಿ ಪದವಿಗೆ ಅನರ್ಹವೆಂದು ತಿರಸ್ಕೃತವಾದ ವಜ್ರಗಳ ಮೇಲಿನ ಆ ಪ್ರಬಂಧವನ್ನು ರಾಮನ್ ಸಂಶೋಧನಾ ಸಂಸ್ಥೆಯವರು, ಪದವಿ ಪಡೆದ ಇತರರ ಪ್ರಬಂಧಗಳ ಜೊತೆಯಲ್ಲಿಯೇ, ರಟ್ಟು ಕಟ್ಟಿಸಿ ಕಾಪಾಡಿಕೊಂಡು ಬಂದಿದ್ದಾರೆ.